ಲಕ್ಷ್ಮಿಯ ಮೇಲೊಂದು ಫ್ಲೈಓವರ್

ಶಿವದೇವಿಯ ಬಗ್ಗೆ ಬರೆಯಲು ನನಗಿಂತ ಯೋಗ್ಯರು ಬೇಕಾದಷ್ಟು ಜನ ಇರಬಹುದು. ಆದರೆ ಆಕೆಯಿಂದ ನನ್ನಷ್ಟು ಬೈಸಿಕೊಂಡವರು ಕೊಂಡಾಪುರದಲ್ಲಿ ಇನ್ನೊಬ್ಬರಿಲ್ಲ. ಹಾಗಾಗಿ ಹಕ್ಕು ನನ್ನದೇ.

ನನ್ನ ಹೆಸರು ವೀರಭದ್ರಪ್ಪ, ಊರು ಗದಗ ಕಡೆ. ಹೈದರಾಬಾದಿನ ರಕ್ಷಣಾ ಕಾರ್ಖಾನೆಯೊಂದರಲ್ಲಿ ಮೂವತ್ತಾರು ವರ್ಷ ಇನ್‌ಸ್ಪೆಕ್ಷನ್ ಫೋರ್‌ಮನ್ ಆಗಿದ್ದೆ. ಅಂದರೆ ಬೇರೆಯವರು ಮಾಡಿದ ಕೆಲಸದಲ್ಲಿ ತಪ್ಪು ಹುಡುಕುವುದೇ ಉದ್ಯೋಗ. ನಿವೃತ್ತನಾದ ಮೇಲೆ ಕಾರ್ಖಾನೆ ಹೋಯಿತು, ಚಟ ಉಳಿಯಿತು. ಕೊಂಡಾಪುರದಲ್ಲಿ ಬಂಡೆಗಲ್ಲು ಮತ್ತು ಕುರುಚಲು ಗಿಡ ಬಿಟ್ಟರೆ ಏನೂ ಇಲ್ಲದ ಕಾಲದಲ್ಲಿ ಒಂದು ಸೈಟು ಹಿಡಿದು ಮನೆ ಕಟ್ಟಿಸಿದೆ. ಕಣ್ಣು ಮುಚ್ಚಿ ತೆಗೆಯುವುದರೊಳಗೆ ಸುತ್ತಲೂ ಗಾಜಿನ ಕಟ್ಟಡಗಳು ಎದ್ದು, ಕೊರಳಲ್ಲಿ ಗುರುತಿನ ಚೀಟಿ ಹಾಕಿಕೊಂಡ ಮಕ್ಕಳು ಬಾಡಿಗೆ ಮನೆ ಕೇಳುತ್ತಾ ಬೀದಿ ಬೀದಿ ತಿರುಗತೊಡಗಿದರು. ಮಹಡಿಯಲ್ಲಿ ನಾನು, ನನ್ನ ಹೆಂಡತಿ ಪ್ರೇಮಾ. ಕೆಳಗೆ ಬಾಡಿಗೆದಾರರು.

ಕೆಳಗಿನ ಮನೆಯನ್ನು ಬಾಡಿಗೆಗೆ ಕೊಟ್ಟರೂ ಅದರ ಹೊಸ್ತಿಲನ್ನು ಮಾತ್ರ ಪ್ರೇಮಾ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಸಾಗವಾನಿಯ ಹೊಸ್ತಿಲು, ಐದು ಇಂಚು ಎತ್ತರ. ಅವಳ ತವರುಮನೆಯ ತೊಲೆಯಿಂದ ಕೊರೆಸಿದ್ದು. ಇಡೀ ಮನೆಗೆ ಅದೇ ತಲೆಬಾಗಿಲು, ಲಕ್ಷ್ಮಿ ಇರುವುದು ಅಲ್ಲೇ ಎಂಬುದು ಅವಳ ನಂಬಿಕೆ. ದಿನಾ ಬೆಳಗ್ಗೆ ಮಹಡಿಯಿಂದ ಇಳಿದು ಬಂದು, ಒಳಗೆ ಬಾಡಿಗೆದಾರರು ಗೊರಕೆ ಹೊಡೆಯುತ್ತಿರುವಾಗಲೇ ಹೊಸ್ತಿಲು ತೊಳೆದು, ಅರಿಶಿನ ಹಚ್ಚಿ, ಕುಂಕುಮವಿಟ್ಟು, ಹೂವೇರಿಸಿ ಹೋಗುತ್ತಿದ್ದಳು. ಅದನ್ನು ದಾಟಬೇಕು, ತುಳಿಯಬಾರದು. ಒಬ್ಬ ಸಾಫ್ಟ್‌ವೇರ್ ಹುಡುಗ ಬೂಟುಗಾಲಲ್ಲಿ ಅದರ ಮೇಲೆ ನಿಂತು ಮೊಬೈಲಿನಲ್ಲಿ ಮಾತಾಡಿದನೆಂದು ತಿಂಗಳೊಳಗೆ ಮನೆ ಬಿಡಿಸಿದ್ದಳು; ಆಗಿನಿಂದ ಅದು ಖಾಲಿ.

ಎರಡು ಸಾವಿರದ ಐದನೇ ಇಸವಿ, ದೀಪಾವಳಿ ಮುಗಿದ ಮೊದಲ ಭಾನುವಾರ. ನಮ್ಮ ಗೇಟಿನ ಮುಂದೆ ಒಂದು ಆಟೋ ನಿಂತಿತು. ಮೊದಲು ಇಳಿದದ್ದು ನಲವತ್ತೈದರ ಆಸುಪಾಸಿನ ಗಟ್ಟಿಮುಟ್ಟಾದ ಹೆಂಗಸು, ಆಮೇಲೆ ಒಂದು ಮಡಚಿದ ಗಾಲಿಕುರ್ಚಿ, ಆಮೇಲೆ ಆಟೋದವನಿಗೆ ಉರ್ದುವಿನಲ್ಲಿ ನಾಲ್ಕು ಬಿರುಸು ಮಾತು. ಕೊನೆಗೆ ಸೀಟಿನಿಂದ ಕುರ್ಚಿಗೆ ಜಾರಿ ಕೂತದ್ದು ಒಬ್ಬ ಯುವತಿ. ಹೆಂಗಸು ಶಿವದೇವಿ, ಯುವತಿ ಮಂದಾಕಿನಿ. ಇಬ್ಬರೂ ನಮ್ಮ ಕಡೆಯವರೇ, ಮನೆ ನೋಡಲು ಬಂದಿದ್ದಾರೆ ಎಂದು ತಿಳಿದು ನನಗೆ ಖುಷಿಯಾಯಿತು. ಸಹಜವಾಗಿ, ನಿಂತಿದ್ದವಳನ್ನು ಮಾತಾಡಿಸಿದೆ.

“ಈಕಿ ಏನು ಕೆಲಸ ಮಾಡತಾಳ್ರೀ?”

ಶಿವದೇವಿ ತಲೆ ಎತ್ತಿ ಸೂರಿನ ಕೆಳಗಿದ್ದ ಗುಬ್ಬಿಗೂಡನ್ನು ನೋಡತೊಡಗಿದಳು. ಕಿವಿ ಮಂದ ಇರಬೇಕೆಂದು ದನಿ ಏರಿಸಿದೆ. “ಪಾಪ, ಹುಟ್ಟಿದಾಗಿಂದ ಹಿಂಗ ಏನ್ರೀ?” ಆಕೆ ಗುಬ್ಬಿಗೂಡಿನಿಂದ ಕಣ್ಣು ತೆಗೆಯಲಿಲ್ಲ.

“ಕಾಕಾರ, ನಾ ಇಲ್ಲೇ ಕುಂತೀನಿ,” ಎಂದಳು ಮಂದಾಕಿನಿ. “ನನ್ನ ಬಗ್ಗೆ ಕೇಳೋದು ನನ್ನನ್ನ ಕೇಳ್ರಿ. ನನ್ನ ಪರವಾಗಿ ಶಿವಕ್ಕ ಮಾತಾಡಂಗಿಲ್ಲ. ಅದು ನಮ್ಮಿಬ್ಬರ ಕರಾರು.”

“ಹಂಗಾರ ಈಕಿ ಇರೋದು ಯಾತಕ್ಕ?” ಎಂದು ಬಾಯಿ ತಪ್ಪಿ ಕೇಳಿಬಿಟ್ಟೆ.

ಶಿವದೇವಿ ಗುಬ್ಬಿಗೂಡು ಬಿಟ್ಟು ನನ್ನತ್ತ ತಿರುಗಿದಳು. “ಇದು ನನ್ನ ಬಗ್ಗೆ ಕೇಳಿದ್ದು, ಹೇಳತೀನಿ. ಆಕೀಗೆ ಆಗಲಾರದ್ದನ್ನ ಮಾಡಾಕ ಅದೀನಿ. ಆಗೋದನ್ನೂ ಮಂದಿ ಕಸಗೊಂಡು ಮಾಡಾಕ ಬಂದ್ರ ಅವರನ್ನ ತಡ್ಯಾಕ ಅದೀನಿ. ಎರಡನೇದಕ್ಕ ಭಾಳ ವ್ಯಾಳ್ಯಾ ಹೋಗತೈತ್ರಿ.”

ಮಂದಾಕಿನಿಯ ವಿಷಯ ಮಂದಾಕಿನಿಯೇ ಹೇಳಿದಳು. ವಯಸ್ಸು ಇಪ್ಪತ್ತೇಳು. ಹತ್ತೊಂಬತ್ತರಲ್ಲಿ ಸ್ಕೂಟರಿನಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿ ಕಾಲು ಹೋದವು. ಮನೆಯಲ್ಲೇ ಕೂತು ಓದಿ, ಆರು ತಿಂಗಳ ಹಿಂದೆ ಮಾಧಾಪುರದ ಒಂದು ಕಂಪನಿ ಸೇರಿದ್ದಾಳೆ. ಬೇರೆಯವರು ಬರೆದ ಪ್ರೋಗ್ರಾಮುಗಳಲ್ಲಿ ತಪ್ಪು ಹುಡುಕುವ ಕೆಲಸ. ಅದನ್ನು ಕೇಳಿದ್ದೇ ತಡ, ಹುಡುಗಿ ನನ್ನ ಕಸುಬಿನವಳೇ ಎಂದು ನನಗೆ ಆಕೆಯ ಮೇಲೆ ಅಭಿಮಾನ ಹುಟ್ಟಿತು. ಆದರೆ ತಾಯಿ ಗುಂಡಮ್ಮನ ಜೊತೆ ಇರುವುದು ಮೆಹದಿಪಟ್ಟಣಂನಲ್ಲಿ, ಲಿಫ್ಟಿಲ್ಲದ ಕಟ್ಟಡದ ಮೂರನೇ ಮಹಡಿ. ದಿನಾ ಬೆಳಗ್ಗೆ ನೆರೆಮನೆಯ ನಾಲ್ವರು ಗಂಡಸರು ಕುರ್ಚಿಸಮೇತ ಎತ್ತಿ ಇಳಿಸಬೇಕು, ಸಂಜೆ ಎತ್ತಿ ಏರಿಸಬೇಕು. ನಾಲ್ವರೂ ದೇವರಂಥವರು. ಆದರೆ ದೇವರಿಗೂ ನೆಗಡಿ ಬರುತ್ತದೆ, ಮದುವೆ ಮುಂಜಿ ಇರುತ್ತದೆ. ಹಾಗೆ ತಡವಾಗಿ ತಡವಾಗಿ ಕಂಪನಿಯವರು ಎರಡು ಪತ್ರ ಕೊಟ್ಟಿದ್ದರು. ಡಿಸೆಂಬರ್ ಒಂದರಿಂದ ಸಮಯಕ್ಕೆ ಬರದಿದ್ದರೆ ಕೆಲಸ ಕಾಯಂ ಆಗುವುದಿಲ್ಲ, ಮನೆಗೆ ಹೋಗಬೇಕು. ಅಂದರೆ ಮತ್ತೆ ಮೂರನೇ ಮಹಡಿಗೆ.

“ಹನ್ನೊಂದು ಮನಿ ನೋಡೀವ್ರಿ,” ಎಂದಳು. “ಎಲ್ಲಾ ಕಡೆ ಬಚ್ಚಲ ಬಾಗಲದಾಗ ಕುರ್ಚಿ ಸಿಗಬೀಳತೈತಿ.”

ನಮ್ಮ ಮನೆಯ ಬಾಗಿಲುಗಳೆಲ್ಲ ಅಗಲ. ಕಾರ್ಖಾನೆಯ ಬಾಗಿಲು ನೋಡಿ ನೋಡಿ ಅಭ್ಯಾಸವಾದವನಿಗೆ ಇಕ್ಕಟ್ಟು ಹಿಡಿಸುವುದಿಲ್ಲ. ಅಂಗಳವೂ ಸ್ಕೂಟರಿಗೆಂದು ಇಳಿಜಾರು ಮಾಡಿ ಬಾಗಿಲಿನ ಮಟ್ಟಕ್ಕೆ ಏರಿಸಿದ್ದೆ. ಮಂದಾಕಿನಿ ಸರಾಗವಾಗಿ ಬಾಗಿಲವರೆಗೆ ಬಂದು ಹೊಸ್ತಿಲ ಮುಂದೆ ನಿಂತಳು. ನಾನು ಉಪಕಾರದ ಉತ್ಸಾಹದಲ್ಲಿ ಹಿಂದಿನಿಂದ ಕುರ್ಚಿಯ ಹಿಡಿಗೆ ಕೈ ಹಾಕಿದೆ. ಮುಂಗೈ ಮೇಲೆ ಪಟ್ಟೆಂದು ಒಂದು ಏಟು ಬಿತ್ತು.

“ಹಿಂದಿಂದ ಬಂದು ಯಾರರೆ ನಿಮ್ಮ ಧೋತರ ಹಿಡದು ಎಳದ್ರ ಸುಮ್ಮನಿರತೀರೇನು?” ಎಂದಳು ಶಿವದೇವಿ. “ಕುರ್ಚಿ ಮುಟ್ಟೂದಕ್ಕಿಂತ ಮೊದಲು ಕೇಳಬೇಕು.”

ನನಗೆ ಸಿಟ್ಟು ಬಂತು. ನನ್ನ ಮನೆಯಂಗಳದಲ್ಲಿ ನನಗೇ ಏಟು! ಅಷ್ಟರಲ್ಲಿ ಮಂದಾಕಿನಿ ಹೂಂ ಎಂದು ತಲೆಯಾಡಿಸಿದಳು, ಶಿವದೇವಿ ಕುರ್ಚಿಯನ್ನು ಹಿಂದಕ್ಕೆ ವಾಲಿಸಿ ಮುಂದಿನ ಗಾಲಿ ದಾಟಿಸಿ, ಹಿಂದಿನ ಗಾಲಿಗಳನ್ನು ಹೊಸ್ತಿಲ ಮೇಲೆ ಹಾಯಿಸಿ ಒಳಗೆ ಇಳಿಸಿಯೇಬಿಟ್ಟಳು. ಬೆಳಗಿನ ದಾಸವಾಳ ಅಪ್ಪಚ್ಚಿಯಾಯಿತು. ಮೆಟ್ಟಿಲ ಮೇಲಿನಿಂದ “ಅಯ್ಯೋ ಶಿವನೇ!” ಎಂಬ ಪ್ರೇಮಾಳ ಕೂಗು ಕೇಳಿಸಿತು.

ಬಚ್ಚಲ ಬಾಗಿಲಲ್ಲಿ ಕುರ್ಚಿ ಹಾದುಹೋಯಿತು, ಎರಡು ಇಂಚು ಜಾಗವೂ ಉಳಿಯಿತು. ಮಂದಾಕಿನಿ ಒಳಗೆ ಹೋಗಿ ಹೊರಗೆ ಬಂದಳು, ಮತ್ತೆ ಹೋಗಿ ಬಂದಳು. ಆ ಮುಖ ನೋಡಿದ ಮೇಲೆ ಮನೆ ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. “ಹೊಸ್ತಿಲದ್ದೇನು ದೊಡ್ಡ ಮಾತು? ನಾ ಮ್ಯಾಲೇ ಇರತೀನಿ. ಕೂಗಿದ್ರ ಬಂದು ದಾಟಿಸತೀನಿ,” ಎಂದೆ.

“ಸಂಜಿಮುಂದ ಶಿವಕ್ಕ ತಮ್ಮ ಮನಿಗೆ ಹೋಗತಾರ. ಆಮ್ಯಾಲೆ ನನಗ ಮೂಲಿ ಅಂಗಡ್ಯಾಗ ಮಿರ್ಚಿ ತಿನ್ನಬೇಕು ಅನಿಸಿದ್ರ?”

“ಕೂಗವಾ.”

“ತಿಂದು ಬಂದಮ್ಯಾಲೆ ಇನ್ನೆರಡು ತಿನ್ನಬೇಕು ಅನಿಸಿದ್ರ?”

ಆಕೆಗೆ ಬೇಕಿದ್ದದ್ದು ಯಾರನ್ನೂ ಕೂಗದೆ ಹೋಗಿಬರುವ ಬಾಗಿಲು. ಹೊಸ್ತಿಲು ತೆಗೆಸಬಹುದೇ ಎಂದು ಪ್ರೇಮಾಳನ್ನು ಕೇಳಿದೆ. ನನ್ನನ್ನೇ ತೆಗೆಸಿದರೂ ಅವಳು ಅಷ್ಟು ದುಃಖಪಡುತ್ತಿರಲಿಲ್ಲವೇನೋ. “ಲಕ್ಷ್ಮೀ ಮ್ಯಾಲೆ ದಿನಾ ಗಾಲಿ ಹಾಯಬೇಕೇನ್ರಿ? ಆ ಹುಡುಗಿ ಮ್ಯಾಲೆ ನನಗೇನೂ ಸಿಟ್ಟಿಲ್ಲ. ಆದ್ರ ಅದನ್ನ ಮುಟ್ಟಬ್ಯಾಡ್ರಿ,” ಎಂದಳು.

ಹೊಸ್ತಿಲು ಮುಟ್ಟುವಂತಿಲ್ಲ, ಹುಡುಗಿ ದಾಟಲೇಬೇಕು. ಇಂಥ ಸಮಸ್ಯೆ ಸಿಕ್ಕರೆ ನಿವೃತ್ತ ಫೋರ್‌ಮನ್‌ಗೆ ಹಬ್ಬ. ಆ ವರ್ಷ ಹೈದರಾಬಾದಿನಲ್ಲಿ ಎಲ್ಲಿ ನೋಡಿದರೂ ಫ್ಲೈಓವರ್ ಕಟ್ಟುತ್ತಿದ್ದರು. ಸಿಗ್ನಲ್ ಇದ್ದಲ್ಲೆಲ್ಲ ಫ್ಲೈಓವರ್. ಲಕ್ಷ್ಮಿಯ ಮೇಲೂ ಒಂದು ಯಾಕಾಗಬಾರದು? ಗಾಲಿ ಅವಳನ್ನು ಮುಟ್ಟದೆ ಮೇಲಿನಿಂದ ಹಾದುಹೋಗಲಿ! ಪ್ರೇಮಾ ಒಪ್ಪಿದಳು. ನನ್ನ ಹಳೆಯ ಸಹೋದ್ಯೋಗಿ, ವೆಲ್ಡರ್ ಬಂಡೆಪ್ಪನನ್ನು ಕರೆಸಿದೆ. ಎಂಟು ದಿನ ನಾವಿಬ್ಬರೂ ಮನೆಯ ಊಟ ಮರೆತು ದುಡಿದೆವು. ಗೀರುಗೀರಿನ ಕಬ್ಬಿಣದ ಹಾಳೆ, ಕೆಳಗೆ ಕೋನಪಟ್ಟಿಯ ಆಧಾರ, ಎರಡೂ ಅಂಚಿಗೆ ಹಳದಿ ಬಣ್ಣ. ಬಾಗಿಲು ಹಾಕುವಾಗ ಎತ್ತಿ ಬದಿಗಿಡುವ ವ್ಯವಸ್ಥೆ. ಅರ್ಧ ಟನ್ ಭಾರ ತಡೆಯುತ್ತದೆ ಎಂದು ಬಂಡೆಪ್ಪ ಸೀಮೆಸುಣ್ಣದಲ್ಲಿ ಬರೆದ. ನಾನು ಕೆಳಗೆ ‘ಪಾಸ್’ ಎಂದು ಬರೆದು ಸಹಿ ಹಾಕಿದೆ.

ಈ ಎಂಟು ದಿನಗಳಲ್ಲಿ ಶಿವದೇವಿ ಮೂರು ಸಲ ಒಳಗಿನ ಬಚ್ಚಲು, ಅಡುಗೆಮನೆಯ ಅಳತೆಗೆಂದು ಬಂದು ಹೋದಳು. ಆಕೆಯ ಚರಿತ್ರೆ ನನಗೆ ತಿಳಿದದ್ದು ಆಗಲೇ. ಊರು ಭಾಲ್ಕಿ. ಗಂಡ ಅಮರೇಶಪ್ಪ ಸನತ್‌ನಗರದ ನಟ್ಟು-ಬೋಲ್ಟು ಕಾರ್ಖಾನೆಯಲ್ಲಿ ಕೆಲಸಗಾರ. ಕಾರ್ಖಾನೆಯ ಹಿಂದಿನ ಓಣಿಯಲ್ಲೇ ಮನೆ. ಅತ್ತೆಗೆ ಲಕ್ವಾ ಹೊಡೆದು ಹಾಸಿಗೆ ಹಿಡಿದಾಗ ಎಂಟು ವರ್ಷ ನೋಡಿಕೊಂಡಳು. ಅವರು ತೀರಿದ ಮೇಲೆ, ಕಲಿತ ವಿದ್ಯೆ ಹಾಳಾಗಬಾರದೆಂದು ಮೂರು ತಿಂಗಳು ತರಬೇತಿ ಪಡೆದು ಇದನ್ನೇ ಉದ್ಯೋಗ ಮಾಡಿಕೊಂಡಳು. ಆಕೆಯ ಹೆಗಲಚೀಲದಲ್ಲಿ ನಟ್ಟು ಬಿಗಿಯುವ ಪಾನಾ, ಪಂಕ್ಚರ್ ಸಾಮಾನು, ಎಣ್ಣೆ ಸೀಸೆ, ಅಳತೆ ಟೇಪು ಮತ್ತು ಒಂದು ಪೊಟ್ಟಣ ಶೇಂಗಾ ಚಟ್ನಿಪುಡಿ ಸದಾ ಇರುತ್ತಿದ್ದವು. ಮನೆಯಲ್ಲಿ ಕನ್ನಡ, ಬಸ್ಸಿನಲ್ಲಿ ತೆಲುಗು, ಬೈಯುವುದಕ್ಕೆ ಮಾತ್ರ ಉರ್ದು. ಮೆಹದಿಪಟ್ಟಣಂ ಬಸ್ ನಿಲ್ದಾಣದಲ್ಲಿ ಗಾಲಿಕುರ್ಚಿ ಕಂಡು ಬಸ್ಸು ನಿಲ್ಲಿಸದೆ ಹೋದ ಡ್ರೈವರನ ಬಸ್ಸಿನ ನಂಬರು ಬರೆದಿಟ್ಟುಕೊಂಡು, ಮರುದಿನ ಅವನ ಬಸ್ಸನ್ನೇ ಹತ್ತಿ, ಕೊನೆಯ ನಿಲ್ದಾಣದವರೆಗೂ ಅವನ ಪಕ್ಕ ನಿಂತು ಬುದ್ಧಿ ಹೇಳಿದವಳು. ಅವನು ಈಗ ದೂರದಿಂದಲೇ ಹಾರ್ನ್ ಹೊಡೆದು ನಿಲ್ಲಿಸುತ್ತಾನಂತೆ.

ಒಂಬತ್ತನೆಯ ದಿನ ಮಂದಾಕಿನಿಯನ್ನು ಕರೆಸಿದೆವು. ನಾನೂ ಬಂಡೆಪ್ಪನೂ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಎರಡೂ ಕಡೆ ನಿಂತೆವು. ಮಂದಾಕಿನಿ ಕುರ್ಚಿಯಲ್ಲೇ ಬಗ್ಗಿ ಫ್ಲೈಓವರನ್ನು ಬದಿಯಿಂದ ನೋಡಿದಳು. ಇಳಿಜಾರಿನ ಮೇಲೆ ಬೆರಳು ಹಾಯಿಸಿದಳು. ಇನ್‌ಸ್ಪೆಕ್ಷನ್ ಮಾಡುವವರ ಆ ನೋಟ ಏನೆಂದು ನನಗೆ ಗೊತ್ತು.

“ಕಾಕಾರ, ಇದರ ಮ್ಯಾಲೆ ಏನು ಸಾಗಸೋರು ನೀವು?”

“ಕಾರ್ಖಾನ್ಯಾಗ ಇದ ಇಳಿಜಾರಿನ ಮ್ಯಾಲೆ ಟ್ರಾಲಿ ಏರಸತಿದ್ವಿ.”

“ಎಷ್ಟು ಮಂದಿ ದಬ್ಬತಿದ್ರಿ?”

“ನಾಕು ಮಂದಿ,” ಎಂದ ಬಂಡೆಪ್ಪ ಹೆಮ್ಮೆಯಿಂದ. ಹೇಳಿದ ಮೇಲೆ ಅವನ ಬಾಯಿ ತೆರೆದದ್ದು ತೆರೆದೇ ಉಳಿಯಿತು.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ನೆಲ ಡೊಂಕು ಮಾಡಿದವನಾಗಿಯೂ ಸೋಲೊಪ್ಪಲಿಲ್ಲ. ಕುರ್ಚಿಯ ಬೇರಿಂಗ್ ಬಿಗಿ ಇರಬೇಕು, ಸ್ವಲ್ಪ ಜೋರು ಹಾಕಿದರೆ ಏರುತ್ತದೆ ಎಂದು ವಾದಿಸಿದೆ. ಶಿವದೇವಿ ಮಂದಾಕಿನಿಯ ಕಡೆ ನೋಡಿದಳು. ಮಂದಾಕಿನಿ ನಗುತ್ತಾ ಹೂಂ ಎಂದು, ಪಕ್ಕದ ಕಟ್ಟೆಯ ಮೇಲೆ ಜಾರಿ ಕೂತು, ಕುರ್ಚಿಯನ್ನು ನನ್ನ ಕಡೆ ತಳ್ಳಿದಳು. ಮಾಡಿದ್ದುಣ್ಣೋ ಮಹಾರಾಯ ಎಂದು ನಾನು ಹತ್ತಿ ಕೂತೆ.

ಆರೂವರೆ ಇಂಚು ಎತ್ತರ, ಮೂರು ಅಡಿ ಉದ್ದ. ಕಾಗದದ ಮೇಲೆ ಅದು ಏನೂ ಅಲ್ಲ. ಗಾಲಿ ಹಿಡಿದು ಉಸಿರು ಕಟ್ಟಿ ಒತ್ತಿದೆ, ಒಂದು ಅಡಿ ಏರಿದೆ. ಇನ್ನೊಮ್ಮೆ ಒತ್ತಿದೆ. ಮುಂದಿನ ಪುಟ್ಟ ಗಾಲಿಗಳು ಆಕಾಶ ನೋಡಿದವು. ಆಮೇಲೆ ಏನಾಯಿತೆಂದು ಬಂಡೆಪ್ಪನನ್ನು ಕೇಳಬೇಕು, ನಾನು ಕಣ್ಣು ಮುಚ್ಚಿಕೊಂಡಿದ್ದೆ. ಕುರ್ಚಿ ಹಿಮ್ಮುಖವಾಗಿ ಅಂಗಳದ ಇಳಿಜಾರಿನಲ್ಲಿ ಓಡಿ, ಗೇಟಿನ ಪಕ್ಕದ ಕರಿಬೇವಿನ ಗಿಡಕ್ಕೆ ಗುದ್ದಿ ನಿಂತಿತು. ಮೈಮೇಲೆಲ್ಲ ಒಗ್ಗರಣೆಯ ವಾಸನೆ. ಎಲ್ಲರೂ ನಕ್ಕರು, ಪ್ರೇಮಾಳಂತೂ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು.

“ಮತ್ತ ಇದನ್ನ ಎತ್ತಿ ಬದಿಗಿಡಾಕ ಎಷ್ಟು ಮಂದಿ ಬೇಕ್ರಿ?” ಎಂದಳು ಶಿವದೇವಿ.

“ಇಬ್ಬರು,” ಎಂದೆ ಗಿಡದೊಳಗಿನಿಂದ.

“ಬರಾಬರ್. ಮೊದಲು ಮಂದಿ ಆಕಿನ್ನ ಎತ್ತಬೇಕಿತ್ತು. ಈಗ ಸೇತುವೆ ಎತ್ತಬೇಕು.”

ಮಂದಾಕಿನಿಯ ನಗು ಮಾತ್ರ ಬೇಗ ನಿಂತಿತು. ಆ ದಿನ ನವೆಂಬರ್ ಹದಿನೈದು. ಕುರ್ಚಿಗೆ ಮರಳಿ ಕೂತು, “ಕಾಕಾರ, ಇಷ್ಟು ಕಷ್ಟಪಟ್ರಿ, ಭಾಳ ಉಪಕಾರಾತು. ಬ್ಯಾಡ ಬಿಡ್ರಿ. ಬ್ಯಾರೆ ಮನಿ ಎಲ್ಲೂ ಇಲ್ಲ. ಕೆಲಸ ಬಿಡತೀನಿ,” ಎಂದು ಮೆಲ್ಲಗೆ ಗೇಟಿನತ್ತ ಹೊರಟಳು. ನನಗೆ ನಾಚಿಕೆಯಾಯಿತು. ನಾನು ಎಂಟು ದಿನ ಅವಳಿಗಾಗಿ ದುಡಿದಿದ್ದೆ, ಒಂದು ದಿನವೂ ಅವಳನ್ನು ಒಂದು ಮಾತು ಕೇಳಿರಲಿಲ್ಲ.

ಶಿವದೇವಿ ಹಿಂದೆ ಉಳಿದಳು. ನಾನು ಬೈಗುಳಕ್ಕೆ ಸಿದ್ಧನಾದೆ. ಆದರೆ ಆಕೆ ಹೋದದ್ದು ಪ್ರೇಮಾಳ ಬಳಿಗೆ. ಇಬ್ಬರೂ ಹೊಸ್ತಿಲ ಪಕ್ಕ ಕೂತರು.

“ನಮ್ಮ ಮನ್ಯಾಗೂ ಇಂಥಾದ್ದ ಹೊಸ್ತಿಲ ಐತ್ರಿ ಅಕ್ಕಾರ,” ಎಂದಳು. ಆ ದನಿಯಲ್ಲಿ ಜಗಳವಿರಲಿಲ್ಲ. “ನಾನೂ ದಿನಾ ಪೂಜಿ ಮಾಡತೀನಿ. ಅತ್ತಿ ಎಂಟು ವರ್ಷ ಹೊರಗ ಬರಲಿಲ್ಲ. ಬಿಸಲಾಗ ಕುಂದರಬೇಕು ಅಂತಿದ್ರು. ಗಾಲಿ ಹಲಗಿ ಮ್ಯಾಲೆ ಕುಂದ್ರಿಸಿ ತರಬಹುದಿತ್ತು. ಹೊಸ್ತಿಲ ಅಡ್ಡ ಐತಿ, ಲಕ್ಷ್ಮೀ ಮ್ಯಾಲೆ ಹೆಂಗ ಗಾಲಿ ಹಾಯಿಸಲಿ ಅಂತ ನಾನ ಬಿಟ್ಟೆ. ಕಡೀಕ ಅವರು ಹೋದ ದಿನ ನಾಕು ಮಂದಿ ಬಂದ್ರು, ಎತ್ತಿದ್ರು, ಹೋದ್ರು. ಆವತ್ತ ಹೊಸ್ತಿಲ ಅಡ್ಡ ಬರಲಿಲ್ರಿ.”

ಇಷ್ಟು ಹೇಳಿ ಎದ್ದು, ಚೀಲ ಹೆಗಲಿಗೇರಿಸಿ, ಗೇಟಿನ ಹೊರಗೆ ಆಟೋದವನಿಗೆ ಬೈಯಲು ಹೋದಳು. ಪ್ರೇಮಾ ಅಲ್ಲೇ ಕೂತಿದ್ದಳು.

ಮರುದಿನ ಬೆಳಗ್ಗೆ ಹೊಸ್ತಿಲ ಪೂಜೆ ಎಂದಿಗಿಂತ ಹೆಚ್ಚು ಹೊತ್ತು ನಡೆಯಿತು. ಪೂಜೆ ಮುಗಿಸಿ ಮೇಲೆ ಬಂದ ಪ್ರೇಮಾ ನೇರವಾಗಿ ಫೋನಿನ ಬಳಿ ಹೋಗಿ, ಚೀಟಿ ನೋಡಿ ನಂಬರು ಒತ್ತಿದಳು. ಎತ್ತಿದ್ದು ಮಂದಾಕಿನಿಯೇ ಇರಬೇಕು.

“ನಾ ಪ್ರೇಮಾ ಮಾತಾಡಾಕತ್ತೀನಿ. ನಿನಗ ಎಷ್ಟು ಎತ್ತರ ಇದ್ರ ನಡೀತೈತವಾ?” ಎಂದು ಕೇಳಿ, ಕಿವಿಗೊಟ್ಟು, “ಅರ್ಧ ಇಂಚಾ? ಅಷ್ಟರ ಇರಲೇಬೇಕು ಮತ್ತ, ನನಗೂ ಅರಿಷಿಣ ಹಚ್ಚಾಕ ಜಾಗಾ ಬೇಕಲ್ಲ,” ಎಂದಳು. ಫೋನಿಟ್ಟು ನನ್ನತ್ತ ತಿರುಗಿ, “ಇಷ್ಟು ದಿನ ಲಕ್ಷ್ಮೀ ಕುಂತಿದ್ಲು. ಇನ್ನ ಮಲಗಿಸೂಣ. ಬಡಿಗ್ಯಾನ್ನ ಕರಸ್ರಿ. ನೀವು ಮಾತ್ರ ಕೈ ಹಾಕಬ್ಯಾಡ್ರಿ,” ಎಂದಳು. ಬಡಿಗ ಅದೇ ಸಾಗವಾನಿಯನ್ನು ಕಿತ್ತು, ನೆಲದಲ್ಲಿ ತೋಡು ಕೊರೆದು, ಅರ್ಧ ಇಂಚು ಮಾತ್ರ ಮೇಲೆ ಕಾಣುವಂತೆ ಅಡ್ಡಡ್ಡ ಮಲಗಿಸಿದ. ಒಂದು ದಿನದ ಕೆಲಸ. ಕೈಕಟ್ಟಿಕೊಂಡು ನೋಡುತ್ತಾ ನಿಂತದ್ದು ನನ್ನ ಜೀವಮಾನದ ಅತಿ ಕಷ್ಟದ ಕೆಲಸ.

ನವೆಂಬರ್ ಇಪ್ಪತ್ತೇಳು, ಭಾನುವಾರ ಬೆಳಗ್ಗೆ ಮಂದಾಕಿನಿ ಮನೆಗೆ ಬಂದಳು. ಗುಂಡಮ್ಮ ಬಂದರು. ಮೆಹದಿಪಟ್ಟಣಂನ ನಾಲ್ವರು ದೇವರಂಥವರೂ ಬಂದರು, ಕೊನೆಯ ಸಲ ಎತ್ತಿ ಒಳಗೆ ಬಿಡುವ ಆಸೆಯಿಂದ ತೋಳು ಮಡಚಿಕೊಂಡೇ ಬಂದಿದ್ದರು. ಮಂದಾಕಿನಿ ಬಾಗಿಲ ಮುಂದೆ ನಿಂತದ್ದೇ ತಡ, ನಾಲ್ವರೂ ನಾನೂ ಒಟ್ಟಿಗೆ ಮುಂದೆ ನುಗ್ಗಿದೆವು. ಶಿವದೇವಿ ಎರಡೂ ಕೈ ಚಾಚಿ ಅಡ್ಡ ನಿಂತು ಉರ್ದು ಶುರು ಮಾಡಿದಳು. ಅದರ ಅರ್ಥ ಇಲ್ಲಿ ಬರೆಯುವಂತಿಲ್ಲ. ನಾವೆಲ್ಲ ಹಿಂದೆ ಸರಿದೆವು.

ಮಂದಾಕಿನಿ ಗಾಲಿಗೆ ಕೈ ಹಾಕಿ ಒಂದು ಸಲ ಒತ್ತಿದಳು. ಕುರ್ಚಿ ಸಣ್ಣಗೆ ಕುಲುಕಿ ಹೊಸ್ತಿಲು ದಾಟಿತು. ಹಸಿ ಅರಿಶಿನ ಗಾಲಿಗೆ ಹತ್ತಿ, ಬಾಗಿಲಿನಿಂದ ಒಳಕೋಣೆಯವರೆಗೆ ನೆಲದ ಮೇಲೆ ಎರಡು ಹಳದಿ ಗೆರೆ ಮೂಡಿದವು. ಗುಂಡಮ್ಮ ಒರೆಸಲು ಬಟ್ಟೆ ಹುಡುಕಿದರು. “ಇರಲಿ ಬಿಡ್ರಿ, ಒಳಗ ಬಂದ ಗುರುತು ಅದು. ಒರಸಬ್ಯಾಡ್ರಿ,” ಎಂದಳು ಪ್ರೇಮಾ. ಹಾಲುಕ್ಕಿಸಲು ತಂದ ಪಾತ್ರೆ ಹಿಡಿದು ಅವಳು ಒಳಗೆ ಹೆಜ್ಜೆ ಇಡಬೇಕು, ಅಷ್ಟರಲ್ಲಿ ಮಂದಾಕಿನಿ ಕುರ್ಚಿ ತಿರುಗಿಸಿ ಬಂದು, ನಮ್ಮನ್ನೆಲ್ಲ ಒಮ್ಮೆ ನೋಡಿ, ಬಾಗಿಲು ಹಾಕಿಕೊಂಡಳು. ಒಳಗಿನಿಂದ ಚಿಲಕ ಬಿದ್ದ ಸದ್ದಾಯಿತು.

ಹೊರಗೆ ನಾವು ಎಂಟು ಜನ, ಒಂದು ಪಾತ್ರೆ ಹಾಲು.

“ಅಯ್ಯ, ಯಾಕ ಬಾಗಲಾ ಹಾಕ್ಕೊಂಡ್ಲು? ಶಿವದೇವೀ, ನೋಡವಾ!” ಗುಂಡಮ್ಮನಿಗೆ ಗಾಬರಿ.

“ನೋಡೂದೇನೈತ್ರಿ?” ಎಂದಳು ಶಿವದೇವಿ. “ಬಿದ್ದಮ್ಯಾಲಿಂದ ಈ ಎಂಟು ವರ್ಷದಾಗ ಆಕಿ ಒಬ್ಬಾಕಿನ ಒಂದು ಕ್ವಾಣ್ಯಾಗ ಇದ್ದಿದ್ದಿಲ್ಲ. ಬಾಗಲಾ ಯಾವತ್ತೂ ನಾವ ಹಾಕೇವಿ, ನಾವ ತಗದೇವಿ. ಇವತ್ತ ಆಕಿ ಹಾಕ್ಕೊಂಡಾಳ.”

ನಾನು ಮುಂದೆ ಹೋಗಿ, ನಾನೇ ಕಟ್ಟಿಸಿದ ಮನೆಯ ಬಾಗಿಲನ್ನು ಬೆರಳಿನಿಂದ ತಟ್ಟಿದೆ.

“ಮಂದಾಕಿನಿ, ಒಳಗ ಬರಬಹುದೇನವಾ?”

“ಹತ್ತು ನಿಮಿಷ ಬಿಟ್ಟು ಬರ್ರಿ, ಕಾಕಾರ.”

ಶಿವದೇವಿ ಮೆಟ್ಟಿಲ ಮೇಲೆ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಕೆ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನಾನು ನೋಡುತ್ತಿರುವುದು ಗೊತ್ತಾದ ಕೂಡಲೇ ಗದರಿದಳು: “ಹತ್ತು ನಿಮಿಷ ಅಂದ್ಲಲ್ಲ? ಮಂದಿ ಮನಿ ಬಾಗಲಾ ಮುಂದ ಹಿಂಗ ನಿಂದರತಾರೇನು? ಸರೀರಿ ಆಚಿ.”

ನಾನು ಸರಿದು ನಿಂತೆ.